ಗಡಸು ನೀರಿನ ಊರಿನಲ್ಲಿ ಪಾಡ್ ಕಾಫಿ ಯಂತ್ರ: ಕೊಳ್ಳುವುದು, ಬಳಸುವುದು, ಸುಣ್ಣ ತೆಗೆಯುವುದು

ಪಾಡ್ ಕಾಫಿ ಯಂತ್ರ ಕೊಳ್ಳಲು ಹೊರಟವರು ಸಾಮಾನ್ಯವಾಗಿ ವಿಚಾರಿಸುವುದು ಬೆಲೆ, ಬಣ್ಣ ಮತ್ತು ಪಾಡ್‌ಗಳ ರುಚಿ. ದಾವಣಗೆರೆ, ಚಿತ್ರದುರ್ಗದ ಕಡೆಯವರು ಇವೆಲ್ಲಕ್ಕಿಂತ ಮೊದಲು ತಮ್ಮ ಮನೆಯ ನೀರನ್ನು ವಿಚಾರಿಸಿಕೊಳ್ಳಬೇಕು. ಯಂತ್ರದ ಆಯುಸ್ಸು ನಿರ್ಧಾರವಾಗುವುದು ಅಲ್ಲಿಯೇ. ಒಳ್ಳೆಯ ನೀರು ಸಿಕ್ಕರೆ ಸಾಧಾರಣ ಬೆಲೆಯ ಯಂತ್ರವೂ ವರ್ಷಗಟ್ಟಲೆ ನಡೆಯುತ್ತದೆ. ಬೋರ್ ನೀರನ್ನೇ ನೇರವಾಗಿ ಸುರಿಯುತ್ತಾ ಹೋದರೆ ಎಷ್ಟು ದುಬಾರಿ ಯಂತ್ರವಾದರೂ ಬೇಗನೆ ಉಸಿರುಗಟ್ಟುತ್ತದೆ.

ಯಂತ್ರದ ಕೆಲಸ ಸರಳ. ಹಿಂಬದಿಯ ಟ್ಯಾಂಕಿನಿಂದ ಸಣ್ಣ ಪಂಪು ನೀರೆಳೆಯುತ್ತದೆ. ಆ ನೀರು ಲೋಹದ ಕಿರಿದಾದ ಕೊಳವೆಯಲ್ಲಿ ಹಾದುಹೋಗುತ್ತಲೇ ಬಿಸಿಯಾಗುತ್ತದೆ. ಕಾಫಿಪುಡಿ ತುಂಬಿ ಮುಚ್ಚಿದ ಪುಟ್ಟ ಡಬ್ಬಿಯೇ ಪಾಡ್; ಮುಚ್ಚಳ ಒತ್ತಿದಾಗ ಸೂಜಿಗಳು ಅದನ್ನು ಚುಚ್ಚುತ್ತವೆ, ಬಿಸಿನೀರು ಒತ್ತಡದಿಂದ ಒಳಹೊಕ್ಕು ಕಾಫಿಯಾಗಿ ಇಳಿಯುತ್ತದೆ. ಅರ್ಧ ನಿಮಿಷದ ಮಾತು. ಆ ಕಿರಿದಾದ ಕೊಳವೆಯನ್ನು ಮಾತ್ರ ನೆನಪಿನಲ್ಲಿಡಿ. ಮುಂದೆ ಹೇಳುವುದರಲ್ಲಿ ಬಹುಪಾಲು ಗಡಸು ನೀರಿನ ಸುಣ್ಣ ಅದನ್ನು ಕಟ್ಟದಂತೆ ಕಾಪಾಡುವ ಬಗೆಯೇ.

ನಿಮಗೆ ಇದು ಬೇಕೇ?

ಮನೆಯಲ್ಲಿ ಎಲ್ಲರೂ ಚಹಾ ಕುಡಿಯುವವರಾಗಿ ಒಬ್ಬರಿಗೋ ಇಬ್ಬರಿಗೋ ಮಾತ್ರ ಕಾಫಿ ಬೇಕಿದ್ದರೆ, ರಾತ್ರಿ ಓದುವ ಮಕ್ಕಳಿದ್ದರೆ, ಬೆಳಗಿನ ಜಾವ ಎದ್ದು ಪಾಳಿಗೆ ಹೋಗುವವರಿದ್ದರೆ ಈ ಯಂತ್ರ ನಿಜಕ್ಕೂ ಅನುಕೂಲ. ಒಂದು ಲೋಟಕ್ಕಾಗಿ ಡಿಕಾಕ್ಷನ್ ಇಳಿಸಿ, ಉಳಿದದ್ದನ್ನು ಚೆಲ್ಲುವ ತಾಪತ್ರಯವಿಲ್ಲ. ಐದಾರು ಮಂದಿ ಒಟ್ಟಿಗೆ ಕೂತು ಕಾಫಿ ಕುಡಿಯುವ ಮನೆಗೆ ಇದನ್ನು ನಾನು ಹೇಳುವುದಿಲ್ಲ. ಆರನೆಯವರ ಲೋಟ ತುಂಬುವ ಹೊತ್ತಿಗೆ ಮೊದಲನೆಯವರ ಕಾಫಿ ಆರಿರುತ್ತದೆ. ಅಲ್ಲಿಗೆ ಸ್ಟೀಲ್ ಫಿಲ್ಟರೇ ಸರಿ.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಸಣ್ಣ ಎಸ್ಪ್ರೆಸೊ ಪಾಡ್ ಒಂದರಲ್ಲಿರುವುದು ಸುಮಾರು 5 ಗ್ರಾಂ ಪುಡಿ. ಹತ್ತು ಪಾಡ್‌ಗಳ ಪೆಟ್ಟಿಗೆಗೆ 500 ರೂಪಾಯಿ ಎಂದಿಟ್ಟುಕೊಂಡರೆ ಲೋಟಕ್ಕೆ 50 ರೂಪಾಯಿ, ಕಿಲೋ ಲೆಕ್ಕದಲ್ಲಿ 10,000 ರೂಪಾಯಿ ಆಯಿತು. ನೀವು ಕೊಳ್ಳಲಿರುವ ಪಾಡ್‌ನ ಬೆಲೆ ಹಾಕಿ ಇದೇ ರೀತಿ ಲೆಕ್ಕ ಮಾಡಿ, ತಿಂಗಳಿಗೆ ಎಷ್ಟು ಲೋಟ ಎಂದು ಗುಣಿಸಿ ನೋಡಿ. ಯಂತ್ರದ ಬೆಲೆ ಒಂದು ಸಲದ್ದು, ಪಾಡ್‌ನ ಬೆಲೆ ದಿನದಿನದ್ದು. ಕರೆಂಟಿನ ಖರ್ಚು ಚಿಂತಿಸುವಷ್ಟಿಲ್ಲ: 1,300 ವಾಟ್‌ನ ಯಂತ್ರ ಒಂದು ನಿಮಿಷ ಪೂರ್ತಿ ಉರಿದರೂ ಯೂನಿಟ್‌ನ ಐವತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚಾಗುತ್ತದೆ, ಅಷ್ಟೇ.

ಕೊಳ್ಳುವಾಗ ನೋಡಬೇಕಾದದ್ದು

ಒಂದು ಬಗೆಯ ಪಾಡ್ ಇನ್ನೊಂದು ಬಗೆಯ ಯಂತ್ರಕ್ಕೆ ಕೂರುವುದಿಲ್ಲ. ನೆಸ್ಪ್ರೆಸೊ ಎಂಬ ಒಂದೇ ಬ್ರಾಂಡಿನಲ್ಲಿ ಎರಡು ದಾರಿಗಳಿವೆ. ಒರಿಜಿನಲ್ ಮಾದರಿ ಪಂಪಿನ ಒತ್ತಡದಿಂದ ಕಾಫಿ ಇಳಿಸುತ್ತದೆ. ವರ್ಚುವೊ ಮಾದರಿ ಪಾಡ್‌ನ ಅಂಚಿನ ಬಾರ್‌ಕೋಡ್ ಓದಿ, ಪಾಡನ್ನೇ ಗರಗರ ತಿರುಗಿಸಿ ಕಾಫಿ ಇಳಿಸುತ್ತದೆ. ಡೊಲ್ಚೆ ಗುಸ್ಟೊ ಬ್ರಾಂಡಿನ ಪಾಡ್ ಬೇರೆ, ಅಮೆರಿಕದ ಕೆ-ಕಪ್ ಪಾಡ್ ಮತ್ತೂ ಬೇರೆ. ನಮ್ಮಂಥ ಊರಿನವರಿಗೆ ನನ್ನ ಸಲಹೆ ಒರಿಜಿನಲ್ ಮಾದರಿಗೆ ಹೊಂದುವ ಯಂತ್ರ. ಅದಕ್ಕೆ ಕೂರುವ ಪಾಡ್‌ಗಳನ್ನು ಭಾರತದ ಕಂಪನಿಗಳೂ ತಯಾರಿಸುತ್ತವೆ, ಮತ್ತೆ ಮತ್ತೆ ತುಂಬಿಸಬಹುದಾದ ಸ್ಟೀಲ್ ಪಾಡ್‌ಗಳೂ ಸಿಗುತ್ತವೆ. ಒಂದೇ ಕಂಪನಿಯ ಪಾಡ್ ಬರುವುದನ್ನೇ ಕಾಯುತ್ತಾ ಕೂರಬೇಕಿಲ್ಲ.

ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿಂದ ಯಂತ್ರ ತರುತ್ತೇವೆ ಎಂದರೆ ದಯವಿಟ್ಟು ಬೇಡವೆನ್ನಿ. ಅಲ್ಲಿಯ ಯಂತ್ರ 120 ವೋಲ್ಟ್‌ನದು, ನಮ್ಮ ಮನೆಗೆ ಬರುವುದು 230. ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚುಚ್ಚಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಆದರೆ 1,400–1,500 ವಾಟ್ ಹೊರುವಂಥದ್ದು ಭಾರವಾದ ಪೆಟ್ಟಿಗೆ. ಕಾಫಿ ಯಂತ್ರಕ್ಕಿಂತ ಅದಕ್ಕೇ ಹೆಚ್ಚು ಜಾಗ ಬೇಕಾಗುತ್ತದೆ.

ಅಡುಗೆಮನೆಯಲ್ಲಿ ಮಿಕ್ಸಿಗೆ ಬಳಸುವ 6 ಆಂಪ್ ಪ್ಲಗ್ ಬೇಡ. 1,450 ವಾಟ್‌ನ ಯಂತ್ರ 230 ವೋಲ್ಟ್‌ನಲ್ಲಿ ಆರೂಕಾಲು ಆಂಪ್‌ನಷ್ಟು ಎಳೆಯುತ್ತದೆ. ಗೀಸರಿಗೆ, ಓವನ್ನಿಗೆ ಹಾಕಿಸುವ 16 ಆಂಪ್ ಪಾಯಿಂಟಿಗೇ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್ ಖಂಡಿತ ಬೇಡ. ಮನೆಯ ಸಾಮಾನ್ಯ ಇನ್ವರ್ಟರ್ ಈ ಯಂತ್ರವನ್ನು ಹೊರಲಾರದು. ಅಡುಗೆಮನೆಯ ಪಾಯಿಂಟ್ ಇನ್ವರ್ಟರ್ ಲೈನಿನಲ್ಲಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಕೇಳಿ, ಇದ್ದರೆ ಬೇರೆ ಮಾಡಿಸಿ. ಕರೆಂಟು ಹೋಗಿಬರುವಾಗ, ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ ತೆಗೆದಿಡುವುದು ಒಳ್ಳೆಯದು.

ನೀರು

ದಾವಣಗೆರೆ ನಗರಕ್ಕೆ ನಲ್ಲಿಯಲ್ಲಿ ಬರುವುದು ತುಂಗಭದ್ರೆಯ ನೀರು ಮತ್ತು ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಗೆ ತುಂಬಿಸಿಕೊಂಡ ನೀರು. ಚಿತ್ರದುರ್ಗ ನಗರಕ್ಕೆ ಸೂಳೆಕೆರೆ ಎಂದು ನಾವೆಲ್ಲ ಕರೆಯುವ ಶಾಂತಿಸಾಗರದಿಂದಲೂ ವಾಣಿವಿಲಾಸ ಸಾಗರದಿಂದಲೂ ಬರುತ್ತದೆ. ಹೊಳೆ, ಕೆರೆಗಳ ನೀರು ಸಾಮಾನ್ಯವಾಗಿ ಬೋರ್ ನೀರಿನಷ್ಟು ಗಡಸಲ್ಲ. ತೊಂದರೆ ಶುರುವಾಗುವುದು ನಮ್ಮ ಮನೆಯ ಸಂಪಿನಲ್ಲಿ. ನಲ್ಲಿ ನೀರು ಬಾರದ ದಿನ ಬೋರ್ ಹಾಕುತ್ತೇವೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೇವೆ, ಎಲ್ಲವೂ ಒಂದೇ ಸಂಪಿನಲ್ಲಿ ಬೆರೆಯುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ನೀರು ಏಪ್ರಿಲ್ ಹೊತ್ತಿಗೆ ಬೇರೆಯದೇ ಆಗಿರುತ್ತದೆ. ಆದ್ದರಿಂದ ನೀರನ್ನು ಒಮ್ಮೆ ಪರೀಕ್ಷಿಸಿ ಸುಮ್ಮನಾಗಬೇಡಿ, ಬೇಸಿಗೆಯಲ್ಲಿ ಇನ್ನೊಮ್ಮೆ ನೋಡಿ.

ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ದಿನಾ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಉಗುರಿನಿಂದ ಕೆರೆದರೆ ಬಿಳಿ ಹಕ್ಕಳೆ ಏಳುತ್ತದೆಯೇ? ಸೋಪು ಹಚ್ಚಿದರೆ ನೊರೆ ಬಾರದೆ ಕೈಗೆ ಜಿಗುಟಾಗುತ್ತದೆಯೇ? ಹಾಗಾದರೆ ನಿಮ್ಮದು ಗಡಸು ನೀರು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೈಕಾರ್ಬೊನೇಟ್‌ಗಳು ಬಿಸಿ ತಾಗಿದೊಡನೆ ಒಡೆದು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಸುಣ್ಣವಾಗಿ ಗೋಡೆಗೆ ಅಂಟುತ್ತವೆ. ಯಂತ್ರದ ಜೊತೆ ಕೆಲವೊಮ್ಮೆ ಗಡಸುತನ ಅಳೆಯುವ ಪಟ್ಟಿ ಬರುತ್ತದೆ. ಅದನ್ನು ನೀರಿನಲ್ಲಿ ಅದ್ದಿ ಬಣ್ಣ ಹೋಲಿಸಿ ನೋಡಿ, ಎಸೆಯಬೇಡಿ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತಾರೆ. ಕುಡಿಯಲು ಒಪ್ಪುವ ಆ ನೀರು ಯಂತ್ರಕ್ಕೆ ಒಪ್ಪುವುದಿಲ್ಲ. ಲೆಕ್ಕ ನೋಡಿ: ಗಡಸುತನ 400 ಎನ್ನಿ. ತೊಳೆಯಲು ಬಿಡುವ ನೀರೂ ಸೇರಿ ದಿನಕ್ಕೆ ಅರ್ಧ ಲೀಟರ್ ಯಂತ್ರದೊಳಗೆ ಹಾದರೆ 200 ಮಿಲಿಗ್ರಾಂ, ಮೂರು ತಿಂಗಳಿಗೆ 18 ಗ್ರಾಂ. ಎಲ್ಲವೂ ಅಂಟುವುದಿಲ್ಲ, ಬಹಳಷ್ಟು ಕಾಫಿಯೊಂದಿಗೆ ಹೊರಹೋಗುತ್ತದೆ. ಆದರೆ ಬಳಪದ ಕಡ್ಡಿಗಿಂತ ಕಿರಿದಾದ ಕೊಳವೆಯನ್ನು ಕಟ್ಟಲು ಅದರಲ್ಲೊಂದು ಪಾಲು ಸಾಕು.

ಹಾಗಾದರೆ ಯಾವ ನೀರು ಹಾಕಬೇಕು? ಮನೆಯಲ್ಲಿ ಆರ್‌ಒ ಇದ್ದರೆ ಅದರದ್ದೇ. ಇಲ್ಲದಿದ್ದರೆ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತರುವ ಕ್ಯಾನಿನ ನೀರು. ಒಂದು ಎಚ್ಚರಿಕೆ: ಆರ್‌ಒ ನೀರು ತೀರಾ ಸಪ್ಪೆಯಾದರೆ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣ, ಖನಿಜಗಳ ಒಟ್ಟು ಅಳತೆ) 20–30ಕ್ಕೆ ಇಳಿದರೆ, ಕಾಫಿಯೂ ಸಪ್ಪೆಯಾಗುತ್ತದೆ. ಪುಡಿಯ ಸಾರ ಎಳೆಯಲು ನೀರಿನಲ್ಲಿ ಸ್ವಲ್ಪ ಖನಿಜವಿರಬೇಕು. ಕಾಫಿ ಬಲ್ಲವರು 150ರ ಆಸುಪಾಸಿನ ಟಿಡಿಎಸ್ ಒಳ್ಳೆಯದು ಎನ್ನುತ್ತಾರೆ. ಆರ್‌ಒ ಸರ್ವಿಸ್‌ಗೆ ಬರುವ ಹುಡುಗನಿಗೆ ಹೇಳಿದರೆ ಒಳಗಿನ ತಿರುಪು ತಿರುಗಿಸಿ 80–150ರ ನಡುವೆ ಇಟ್ಟುಕೊಡುತ್ತಾನೆ.

ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್, ಪಟಕ ಇವು ಯಾವುವೂ ಗಡಸುತನ ತೆಗೆಯುವುದಿಲ್ಲ. ನೀರು ತಿಳಿಯಾಗಿ ಕಾಣುತ್ತದೆ, ಸುಣ್ಣ ಅದರಲ್ಲೇ ಉಳಿದಿರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ತಳ ಕದಡದಂತೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಹಾಕಿ. ಸುಣ್ಣದ ಒಂದು ಭಾಗ ಪಾತ್ರೆಯಲ್ಲೇ ಕೂರುತ್ತದೆ. ಆದರೆ ಫ್ಲೋರೈಡ್ ಇರುವ ಬೋರ್ ನೀರಿಗೆ ಈ ಉಪಾಯ ಸಲ್ಲದು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಆ ತೊಂದರೆ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುತ್ತದೆ. ಅಲ್ಲಿ ಘಟಕದ ನೀರನ್ನೇ ಬಳಸಿ.

ಮೊದಲ ದಿನ, ಮತ್ತು ಪ್ರತಿದಿನ

ಹೊಸ ಯಂತ್ರದ ಟ್ಯಾಂಕ್ ತೊಳೆದು ತುಂಬಿಸಿ, ಪಾಡ್ ಹಾಕದೆ ಮೂರು ನಾಲ್ಕು ಬಾರಿ ದೊಡ್ಡ ಲೋಟದ ಗುಂಡಿ ಒತ್ತಿ ನೀರು ಹೊರಬಿಡಿ. ಒಳಗಿನ ಪ್ಲಾಸ್ಟಿಕ್ ವಾಸನೆ ಹೋಗುತ್ತದೆ.

ಟ್ಯಾಂಕಿಗೆ ಹಾಲು ಹಾಕಬಾರದು. ಸಕ್ಕರೆ ಕದಡಿದ ನೀರು, ಬೆಲ್ಲದ ನೀರು, ಇಳಿಸಿದ ಡಿಕಾಕ್ಷನ್ ಇವೂ ಬೇಡ. ಮನೆಗೆಲಸಕ್ಕೆ ಬರುವವರಿಗೂ ಮಕ್ಕಳಿಗೂ ಇದನ್ನು ಬಿಡಿಸಿ ಹೇಳಿ. ಹಾಲು ಒಮ್ಮೆ ಕೊಳವೆಯಲ್ಲಿ ಕಾದು ಹತ್ತಿಕೊಂಡರೆ ಆ ಯಂತ್ರವನ್ನು ಮನೆಯಲ್ಲಿ ಸರಿಮಾಡಲಾಗುವುದಿಲ್ಲ.

ಬೆಳಗ್ಗೆ ಮೊದಲು ಮಾಡಬೇಕಾದದ್ದು: ರಾತ್ರಿ ಉಳಿದ ನೀರು ಚೆಲ್ಲಿ ಹೊಸ ನೀರು ತುಂಬಿ. ಯಂತ್ರ ಕಾದ ಮೇಲೆ ಪಾಡ್ ಇಲ್ಲದೆ ಒಂದು ಸಣ್ಣ ಅಳತೆ ಬಿಸಿನೀರನ್ನು ಲೋಟಕ್ಕೇ ಬಿಡಿ. ಲೋಟವೂ ಬೆಚ್ಚಗಾಗುತ್ತದೆ, ನಳಿಕೆಯೂ ತೊಳೆದಂತಾಗುತ್ತದೆ. ಆ ನೀರು ಚೆಲ್ಲಿ, ಪಾಡ್ ಹಾಕಿ ಕಾಫಿ ಇಳಿಸಿ. ಮುಗಿದೊಡನೆ ಹಿಡಿ ಎತ್ತಿ ಪಾಡನ್ನು ಬೀಳಿಸಿಬಿಡಿ; ಬಿಸಿ ಪಾಡ್ ಒಳಗೇ ಕೂತು ತಣಿದರೆ ಕಾಫಿಯ ಎಣ್ಣೆ, ಗಸಿ ಎರಡೂ ಸೂಜಿಗೆ ಅಂಟುತ್ತವೆ. ಕಾಫಿ ಇಳಿಯುತ್ತಿರುವಾಗ ಮಾತ್ರ ಹಿಡಿ ಎತ್ತಬೇಡಿ, ಒತ್ತಡದ ಬಿಸಿನೀರು ಕೈಮೇಲೆ ಸಿಡಿಯುತ್ತದೆ.

ನಮ್ಮ ನಾಲಿಗೆಗೆ ಒಗ್ಗುವ ಕಾಫಿ ಬೇಕೆಂದರೆ ದೊಡ್ಡ ಗುಂಡಿಯ ಲುಂಗೊ ಮುಟ್ಟಬೇಡಿ. ಅದೇ ಪುಡಿಯ ಮೇಲೆ 110 ಮಿಲಿ ನೀರು ಹಾದರೆ ಕಡೆಯ ಅರ್ಧ ಬರೀ ಕಹಿ. ಗಾಢವಾದ ಪಾಡ್ ಆರಿಸಿ, 40 ಮಿಲಿಯ ಸಣ್ಣ ಗುಂಡಿ ಒತ್ತಿ, ಅದನ್ನೇ ಡಿಕಾಕ್ಷನ್ ಎಂದುಕೊಳ್ಳಿ. ಒಲೆಯ ಮೇಲೆ ಆಗತಾನೆ ಉಕ್ಕಿದ 80–100 ಮಿಲಿ ಹಾಲನ್ನು ಎತ್ತರದಿಂದ ಸುರಿದು, ಲೋಟದಿಂದ ಬಟ್ಟಲಿಗೆ ಒಂದೆರಡು ಸಲ ಎತ್ತಿಹೊಯ್ಯಿರಿ. ನಂದಿನಿ ಶುಭಂ ಹಾಲಿನ ಕೊಬ್ಬು 4.5 ಶೇಕಡಾ, ನೀಲಿ ಪೊಟ್ಟಣದ್ದು 3. ಶುಭಂ ಹಾಲು ಎಸ್ಪ್ರೆಸೊದ ಕಹಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಚಿಕೋರಿ ಬೆರೆತ ಫಿಲ್ಟರ್ ಕಾಫಿಯ ಆ ಮಂದವಾದ ರುಚಿ ಪಾಡ್‌ನಿಂದ ಬರುವುದಿಲ್ಲ. ಇದು ಬೇರೆಯೇ ಕಾಫಿ. ಭಾನುವಾರ ಬೆಣ್ಣೆದೋಸೆಯ ಜೊತೆಗೆ ನನಗೆ ಈಗಲೂ ಫಿಲ್ಟರ್ ಕಾಫಿಯೇ ಬೇಕು.

ಬಳಸಿದ ಪಾಡ್‌ಗಳು ಬೀಳುವ ಡಬ್ಬಿ, ಕೆಳಗಿನ ತಟ್ಟೆ ಇವೆರಡನ್ನೂ ದಿನಾ ಖಾಲಿ ಮಾಡುವುದು ಒಳ್ಳೆಯದು. ಎರಡು ದಿನ ಬಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ, ಬೇಸಿಗೆಯಲ್ಲಿ ಇರುವೆ ಸಾಲುಗಟ್ಟುತ್ತದೆ. ಸಿಹಿ ಹಾಲಿನ ಪಾಡ್ ಬಳಸುವವರಿಗಂತೂ ಇರುವೆಯ ಕಾಟ ತಪ್ಪಿದ್ದಲ್ಲ. ಬೆಚ್ಚಗಿನ ಯಂತ್ರದ ಒಳಗೆ ಜಿರಳೆ ಸೇರುವುದೂ ಉಂಟು. ರಾತ್ರಿ ತಟ್ಟೆ ಒರೆಸಿ, ಯಂತ್ರ ಆರಿದ ಮೇಲೆ ಬಟ್ಟೆ ಮುಚ್ಚಿ. ಯಂತ್ರದ ಮೇಲೋ ಸುತ್ತಲೋ ಜಿರಳೆ ಔಷಧ ಸಿಂಪಡಿಸಬೇಡಿ. ವಾರಕ್ಕೊಮ್ಮೆ ಟ್ಯಾಂಕನ್ನು ಪಾತ್ರೆ ತೊಳೆಯುವ ದ್ರವದಿಂದ ಉಜ್ಜಿ, ಜಿಡ್ಡು ಉಳಿಯದಂತೆ ತೊಳೆಯಿರಿ. ಕಾಫಿ ಇಳಿಯುವ ನಳಿಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಸುಣ್ಣ ತೆಗೆಯುವುದು

ಕೈಪಿಡಿಯಲ್ಲಿ ಇದಕ್ಕೆ ಡಿಸ್ಕೇಲಿಂಗ್ ಎಂದಿರುತ್ತದೆ. ದೀಪ ಮಿನುಗಿ ಯಂತ್ರವೇ ಎಚ್ಚರಿಸುವವರೆಗೂ ಕಾಯುವುದು ಬೇಡ. ಧಾರೆ ಸಣ್ಣಗಾಗಿ ತೊಟ್ಟಿಕ್ಕುವುದು, ಪಂಪಿನ ಸದ್ದು ಹೆಚ್ಚುವುದು, ಕಾಫಿ ಉಗುರುಬೆಚ್ಚಗೆ ಬರುವುದು, ಒಂದೇ ಗುಂಡಿಗೆ ಲೋಟದಲ್ಲಿ ಬರುವ ಅಳತೆ ಕಡಿಮೆಯಾಗುವುದು, ಇವೆಲ್ಲ ಸುಣ್ಣದ ಲಕ್ಷಣಗಳು. ಆರ್‌ಒ ನೀರಾದರೆ ಆರು ತಿಂಗಳಿಗೊಮ್ಮೆ, ಮಿಶ್ರ ನೀರಾದರೆ ಮೂರು ತಿಂಗಳಿಗೊಮ್ಮೆ, ಅನಿವಾರ್ಯವಾಗಿ ಬೋರ್ ನೀರನ್ನೇ ಹಾಕುತ್ತಿದ್ದರೆ ತಿಂಗಳಿಗೊಮ್ಮೆ ಮಾಡಿ.

ವಾರಂಟಿ ಇರುವವರೆಗೆ ಕಂಪನಿಯ ದ್ರವವನ್ನೇ ಬಳಸಿ, ಬಿಲ್ ಇಟ್ಟುಕೊಳ್ಳಿ. ಆಮೇಲೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು ಸಾಕು. ನಿಂಬೆಹಣ್ಣಿನ ರಸ ಹಿಂಡಬೇಡಿ, ಅದರ ನಾರು ಒಳಗೆ ಸಿಕ್ಕಿಕೊಳ್ಳುತ್ತದೆ. ವಿನಿಗರ್ ಬೇಡ, ವಾಸನೆ ಬಹಳ ದಿನ ಹೋಗುವುದಿಲ್ಲ, ರಬ್ಬರ್ ಉಂಗುರಗಳಿಗೂ ಒಳ್ಳೆಯದಲ್ಲ. ಬಚ್ಚಲು ತೊಳೆಯುವ ಆಸಿಡ್ ಹತ್ತಿರವೂ ಸುಳಿಯಬಾರದು. ಅದು ಯಂತ್ರವನ್ನೂ ತಿನ್ನುತ್ತದೆ, ಕುಡಿಯುವವರ ಹೊಟ್ಟೆಯನ್ನೂ ಕೆಡಿಸುತ್ತದೆ.

1. ಪಾಡ್ ಹೊರಹಾಕಿ, ಡಬ್ಬಿ ಮತ್ತು ತಟ್ಟೆ ಖಾಲಿ ಮಾಡಿ. ಟ್ಯಾಂಕಿನಲ್ಲಿ ನೀರು ಸೋಸುವ ಕಾರ್ಟ್ರಿಜ್ ಇದ್ದರೆ ತೆಗೆದಿಡಿ.

2. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 20ರಿಂದ 25 ಗ್ರಾಂ ನಿಂಬೆ ಉಪ್ಪು ಹಾಕಿ, ಒಂದು ಹರಳೂ ಉಳಿಯದಂತೆ ಕರಗಿಸಿ. ನಿಮ್ಮ ಟ್ಯಾಂಕ್ 600 ಮಿಲಿಯದಾದರೆ ಸುಮಾರು 15 ಗ್ರಾಂ. ಹೆಚ್ಚು ಹಾಕಿದರೆ ಬೇಗ ಆಗುತ್ತದೆಂದು ಪ್ರಮಾಣ ಏರಿಸಬೇಡಿ.

3. ನಳಿಕೆಯ ಕೆಳಗೆ ಟ್ಯಾಂಕಿನ ಪೂರ್ತಿ ನೀರು ಹಿಡಿಯುವ ಪಾತ್ರೆ ಇಡಿ. ಯಂತ್ರವನ್ನು ಡಿಸ್ಕೇಲಿಂಗ್ ಸ್ಥಿತಿಗೆ ತನ್ನಿ. ಎರಡು ಗುಂಡಿಗಳನ್ನು ಒಟ್ಟಿಗೆ ಕೆಲವು ಸೆಕೆಂಡ್ ಒತ್ತಿ ಹಿಡಿಯುವುದು ಸಾಮಾನ್ಯ ಕ್ರಮ, ಆದರೆ ಮಾದರಿಯಿಂದ ಮಾದರಿಗೆ ಬೇರೆ ಇರುವುದರಿಂದ ಕೈಪಿಡಿ ನೋಡಿ. ಆ ಸ್ಥಿತಿ ಇಲ್ಲದ ಯಂತ್ರದಲ್ಲಿ ದೊಡ್ಡ ಗುಂಡಿಯನ್ನೇ ಮತ್ತೆ ಮತ್ತೆ ಒತ್ತಿ.

4. ಅರ್ಧ ಟ್ಯಾಂಕ್ ಹೋದಾಗ ಹತ್ತು ನಿಮಿಷ ನಿಲ್ಲಿಸಿ. ಈ ನಿಲುಗಡೆಯಲ್ಲೇ ಆಮ್ಲ ಸುಣ್ಣವನ್ನು ಕರಗಿಸುವುದು. ಮತ್ತೆ ಚಾಲೂ ಮಾಡಿದಾಗ ಬರುವ ನೀರನ್ನು ಗಮನಿಸಿ. ಮೊದಲು ಗುಳ್ಳೆಗುಳ್ಳೆಯಾಗಿ ಬಿಟ್ಟು ಬಿಟ್ಟು ಬರುತ್ತದೆ, ಹಾಲು ತೊಳೆದ ನೀರಿನಂತೆ ಮಬ್ಬಾಗಿರುತ್ತದೆ, ಪಾತ್ರೆಯ ತಳದಲ್ಲಿ ಬಿಳಿಯ, ಕಂದು ಬಣ್ಣದ ಚೂರುಗಳು ಕೂರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಧಾರೆ ನೇರವಾಗಿ, ಒಂದೇ ಸಮನೆ ಬೀಳತೊಡಗುತ್ತದೆ.

5. ಪಾತ್ರೆಯಲ್ಲಿ ಬಿದ್ದ ನೀರು ತಿಳಿಯಾಗಿದ್ದರೆ ಬಟ್ಟೆಯಲ್ಲಿ ಸೋಸಿ ಇನ್ನೊಂದು ಸುತ್ತು ಓಡಿಸಬಹುದು. ಚೂರುಗಳು ಹೆಚ್ಚಿದ್ದರೆ ಅದನ್ನು ಚೆಲ್ಲಿ ಹೊಸದಾಗಿ ಕಲಸಿ. ರಾತ್ರಿಯಿಡೀ ಆಮ್ಲವನ್ನು ಒಳಗೆ ಬಿಡಬೇಡಿ, ಲೋಹ ಸವೆಯುತ್ತದೆ.

6. ಟ್ಯಾಂಕ್ ತೊಳೆದು, ಒಳ್ಳೆಯ ನೀರು ತುಂಬಿ, ಎರಡು ಟ್ಯಾಂಕ್ ಪೂರ್ತಿ ಹೊರಬಿಡಿ. ಕಡೆಗೆ ಬಂದ ನೀರನ್ನು ಆರಿಸಿ ನಾಲಿಗೆಗೆ ಹಚ್ಚಿ ನೋಡಿ. ಹುಳಿ ಇದ್ದರೆ ಇನ್ನೊಂದು ಟ್ಯಾಂಕ್.

ಈ ಕೆಲಸ ನಡೆಯುವಾಗ ಅಕ್ಕಪಕ್ಕದಲ್ಲಿ ಗ್ರಾನೈಟ್ ಅಥವಾ ಮಾರ್ಬಲ್ ಕಟ್ಟೆ ಇದ್ದರೆ ಬಟ್ಟೆ ಹಾಸಿಕೊಳ್ಳಿ. ಆಮ್ಲ ಬಿದ್ದ ಮಾರ್ಬಲ್ ಹೊಳಪು ಕಳೆದುಕೊಳ್ಳುತ್ತದೆ.

ಸಣ್ಣಪುಟ್ಟ ತೊಂದರೆಗಳು

ಪಂಪು ಜೋರಾಗಿ ಗುರುಗುಟ್ಟುತ್ತಿದೆ, ನೀರು ಬರುತ್ತಿಲ್ಲ ಎಂದರೆ ಗಾಬರಿಯಾಗಬೇಡಿ. ಟ್ಯಾಂಕ್ ಖಾಲಿಯಾಗಿ ಗಾಳಿ ಸೇರಿರುತ್ತದೆ. ಟ್ಯಾಂಕ್ ತುಂಬಿ, ಒಮ್ಮೆ ತೆಗೆದು ಗಟ್ಟಿಯಾಗಿ ಕೂರಿಸಿ, ಪಾಡ್ ಇಲ್ಲದೆ ದೊಡ್ಡ ಗುಂಡಿ ಎರಡು ಮೂರು ಬಾರಿ ಒತ್ತಿ. ನೀರೆತ್ತಿಕೊಳ್ಳುತ್ತದೆ. ಪಾಡ್ ಇಲ್ಲದಾಗ ನೀರು ಸರಾಗವಾಗಿ ಬಂದು, ಪಾಡ್ ಹಾಕಿದಾಗ ಮಾತ್ರ ತೊಟ್ಟಿಕ್ಕಿದರೆ ತೊಂದರೆ ಪಾಡ್‌ನದು ಅಥವಾ ಸೂಜಿಯದು. ಕೆ-ಕಪ್, ಡೊಲ್ಚೆ ಗುಸ್ಟೊ ಬಗೆಯ ಯಂತ್ರಗಳಲ್ಲಿ ಪ್ಲಗ್ ತೆಗೆದು, ಯಂತ್ರ ತಣ್ಣಗಾದ ಮೇಲೆ ಸೂಜಿಯ ತೂತನ್ನು ಸಣ್ಣ ತಂತಿಯಿಂದ ಬಿಡಿಸಬಹುದು.

ಸ್ಟೀಲ್ ಪಾಡ್‌ಗೆ ಮನೆಯ ಫಿಲ್ಟರ್ ಪುಡಿ ತುಂಬುವವರು ಚಿಕೋರಿ ಬೆರೆಸದ ಪುಡಿ ತರಬೇಕು. ಚಿಕೋರಿ ನೀರು ಕುಡಿದು ಉಬ್ಬಿ ದಾರಿ ಕಟ್ಟುತ್ತದೆ. ಕಾಫಿಪುಡಿ ಅಂಗಡಿಯಲ್ಲಿ ಕಣ್ಣೆದುರೇ ಬೀಜ ಬೀಸಿಕೊಡುವವರಿದ್ದರೆ ಫಿಲ್ಟರ್‌ಗಿಂತ ತುಸು ನುಣ್ಣಗೆ ಬೀಸಿಸಿ. ಒತ್ತಿ ಒತ್ತಿ ತುಂಬಬೇಡಿ. ಅಂಚಿನಲ್ಲಿ ಪುಡಿ ಉಳಿದರೆ ರಬ್ಬರ್ ಉಂಗುರ ಕೂರದೆ ಪಕ್ಕದಿಂದ ನೀರು ಸೋರುತ್ತದೆ.

ಅಲ್ಯೂಮಿನಿಯಂ ಪಾಡ್‌ಗಳನ್ನು ಹಾಗೇ ಕಸಕ್ಕೆ ಎಸೆಯುವುದು ನನಗೆ ಸರಿಕಾಣುವುದಿಲ್ಲ. ಮೇಲಿನ ಹಾಳೆ ಹರಿದು ಗಸಿಯನ್ನು ಗೊಬ್ಬರದ ಕುಂಡಕ್ಕೆ ತಟ್ಟಿ, ಡಬ್ಬಿ ತೊಳೆದು, ಚಪ್ಪಟೆ ಮಾಡಿ ಒಂದು ಚೀಲದಲ್ಲಿ ಕೂಡಿಡಿ. ಚೀಲ ತುಂಬಿದ ಮೇಲೆ ಗುಜರಿಯವರಿಗೆ ಕೊಡಬಹುದು. ಪ್ಲಾಸ್ಟಿಕ್ ಪಾಡ್‌ಗಳನ್ನು ಗಸಿ ತೆಗೆದು ಒಣ ಕಸಕ್ಕೆ ಹಾಕಿ.

ಕೊಳ್ಳುವ ಮೊದಲೇ ರಿಪೇರಿ ಎಲ್ಲಿ ಎಂದು ಕೇಳಿಕೊಳ್ಳಿ. ಬೆಂಗಳೂರಿಗೆ ಕಳುಹಿಸಬೇಕು ಎಂಬ ಉತ್ತರ ಬಂದರೆ ಪೆಟ್ಟಿಗೆ, ಥರ್ಮೋಕೋಲ್ ಎರಡನ್ನೂ ಅಟ್ಟದ ಮೇಲೆ ಜೋಪಾನವಾಗಿಡಿ. ದಾವಣಗೆರೆಯಿಂದ ಅಲ್ಲಿಗೆ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ಲಾರಿಯಲ್ಲಿ ಕುಲುಕಾಡಿಕೊಂಡು ಹೋಗುವ ಯಂತ್ರದೊಳಗೆ ನೀರಿರಬಾರದು. ಟ್ಯಾಂಕ್ ತೆಗೆದು ಗುಂಡಿ ಒತ್ತಿ, ಹನಿ ನಿಲ್ಲುವವರೆಗೆ ಒಳಗಿನ ನೀರು ಹೊರಹಾಕಿ, ಪಾಡ್ ಒಳಗಿಲ್ಲವೆಂದು ನೋಡಿ, ಟ್ಯಾಂಕನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿ. ಬಿಲ್ಲಿನ ನಕಲು ಮತ್ತು ತೊಂದರೆ ಏನೆಂದು ಬರೆದ ಚೀಟಿ ಪೆಟ್ಟಿಗೆಯೊಳಗಿರಲಿ. ಕಳುಹಿಸುವ ಮುನ್ನ ಒಮ್ಮೆ ಸುಣ್ಣ ತೆಗೆದು ನೋಡಿ. ಸರಿಹೋದರೆ ಕಳುಹಿಸುವ ಅಗತ್ಯವೇ ಬೀಳುವುದಿಲ್ಲ.